ಬಿಲ್ಜ್ ಪಂಪಿನ ಆಟೊಮ್ಯಾಟಿಕ್ ಸ್ವಿಚ್ಚು: ನೋಡಿಕೊಳ್ಳುವ ಕ್ರಮ

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರದ ಬಂದರುಗಳಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ಸಾಲಾಗಿ ನಿಲ್ಲುತ್ತವೆ. ಕಲಾಸಿಗಳು (ಬೋಟಿನ ಕೆಲಸಗಾರರು) ಊರಿಗೆ ಹೋಗಿರುತ್ತಾರೆ, ತಾಂಡೇಲರು (ಬೋಟು ನಡೆಸುವವರು) ಬಲೆ ನೇಯುವ ಕೆಲಸದಲ್ಲಿರುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಕರಾವಳಿಯಲ್ಲಿ ಆ ಮಳೆಯ ಬಹುಪಾಲು ಸುರಿಯುವುದೂ ಇದೇ ಸುಮಾರಿಗೆ. ಆಗ ಬೋಟಿನೊಳಗೆ ಕೆಲಸ ಮಾಡುತ್ತಿರುವುದು ಒಂದೇ ಒಂದು ವಸ್ತು: ತಳದ ಕತ್ತಲಲ್ಲಿ, ಎಣ್ಣೆ ಬೆರೆತ ನೀರಿನಲ್ಲಿ ಕುಳಿತಿರುವ, ಅಂಗೈಯಗಲದ ಆಟೊಮ್ಯಾಟಿಕ್ ಸ್ವಿಚ್ಚು. ತಳದಲ್ಲಿ ನೀರು ಇಷ್ಟು ಏರಿದಾಗ ಬಿಲ್ಜ್ ಪಂಪನ್ನು, ಅಂದರೆ ತಳದಲ್ಲಿ (ಬಿಲ್ಜಿನಲ್ಲಿ) ಸೇರಿದ ನೀರನ್ನು ಹೊರಹಾಕುವ ಪಂಪನ್ನು, ಓಡಿಸಬೇಕು, ಇಷ್ಟು ಇಳಿದಾಗ ನಿಲ್ಲಿಸಬೇಕು ಎಂಬುದಷ್ಟೇ ಅದರ ಕೆಲಸ. ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಬೋಟುಗಳ ವೈರಿಂಗ್ ಮಾಡಿಕೊಂಡು ಬಂದಿರುವ ನಾನು ಕಂಡಂತೆ, ಪಂಪಿನ ಬಗ್ಗೆ ವಿಚಾರಿಸುವವರು ಬಹಳ ಮಂದಿ, ಈ ಸ್ವಿಚ್ಚಿನ ಬಗ್ಗೆ ವಿಚಾರಿಸುವವರು ತೀರ ಕಡಿಮೆ.

ಈ ಸ್ವಿಚ್ಚು ಎರಡು ರೀತಿಯಲ್ಲಿ ಕೆಡುತ್ತದೆ. ನೀರು ಏರಿದರೂ ಪಂಪು ಓಡದಿರುವುದು ಒಂದು. ನೀರು ಖಾಲಿಯಾದರೂ ಪಂಪು ನಿಲ್ಲದಿರುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಊಹಿಸುತ್ತಾರೆ. ಎರಡನೆಯದು ಅಷ್ಟೇ ಅಪಾಯಕಾರಿ ಎಂಬುದು ಲೆಕ್ಕ ಹಾಕಿ ನೋಡಿದರೆ ಮಾತ್ರ ಮನದಟ್ಟಾಗುತ್ತದೆ. ಬೋಟಿನಲ್ಲಿ ಮಳೆನೀರು ಒಳಗಿಳಿಯುವ ತೆರೆದ ಜಾಗ 10 ಚದರ ಮೀಟರ್ ಇದೆ, ಒಂದು ರಾತ್ರಿಯಲ್ಲಿ 100 ಮಿಲಿಮೀಟರ್ ಮಳೆ ಬಿತ್ತು ಎಂದುಕೊಳ್ಳೋಣ. ಒಳಗೆ ಸೇರಿದ ನೀರು 1,000 ಲೀಟರ್. ಗಂಟೆಗೆ 2,000 ಲೀಟರ್ ಎತ್ತುವ, 5 ಆಂಪಿಯರ್ ಎಳೆಯುವ ಪಂಪು ಅದನ್ನು ಅರ್ಧ ಗಂಟೆಯಲ್ಲಿ ಹೊರಹಾಕುತ್ತದೆ, ಬ್ಯಾಟರಿಯಿಂದ ತೆಗೆದುಕೊಳ್ಳುವುದು ಎರಡೂವರೆ ಆಂಪಿಯರ್-ಗಂಟೆ ಮಾತ್ರ. 100 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ನೀರು ಮುಗಿದ ಮೇಲೂ ಸ್ವಿಚ್ಚು ಅಂಟಿಕೊಂಡು ಪಂಪು ಓಡುತ್ತಲೇ ಇದ್ದರೆ ಅದೇ ಬ್ಯಾಟರಿ 20 ಗಂಟೆಯಲ್ಲಿ ಬರಿದಾಗುತ್ತದೆ. ಮರುರಾತ್ರಿಯ ಮಳೆಗೆ ಪಂಪು ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಜುಲೈ ತಿಂಗಳಲ್ಲಿ, ದಕ್ಕೆಯ ಮೂರನೆಯ ಸಾಲಿನಲ್ಲಿ ಕಟ್ಟಿದ್ದ ಟ್ರಾಲ್ ಬೋಟೊಂದರ ಎಂಜಿನ್ ಕೋಣೆಗೆ ಬೆಳಿಗ್ಗೆ ಇಳಿದಾಗ ನೀರು ಸ್ಟಾರ್ಟರ್ ಮೋಟಾರಿನ ಮಟ್ಟಕ್ಕೆ ಬಂದಿತ್ತು. ಎರಡು ದಿನ ಹಿಂದಷ್ಟೇ ಪಂಪು ನೀರು ಉಗುಳುವುದನ್ನು ಮಾಲೀಕರು ನೋಡಿ ನೆಮ್ಮದಿಯಿಂದ ಮನೆಗೆ ಹೋಗಿದ್ದರು. ಬೇರೆ ಪಂಪು ತಂದು ನೀರು ತೆಗೆದೆವು. ತಳ ಕಾಣಿಸಿದ ಮೇಲೂ ಸ್ವಿಚ್ಚಿನ ಫ್ಲೋಟ್ (ನೀರಿನೊಂದಿಗೆ ತೇಲಿ ಏಳುವ ಭಾಗ) ಕೆಳಗೆ ಬೀಳದೆ ಎದ್ದೇ ನಿಂತಿತ್ತು. ಟಾರ್ಚ್ ಹಿಡಿದು ನೋಡಿದರೆ ಅದರ ಕೀಲಿಗೆ ಗೇಣುದ್ದದ ನೀಲಿ ನೈಲಾನ್ ದಾರ ಎರಡು ಸುತ್ತು ಸುತ್ತಿಕೊಂಡಿತ್ತು, ಆ ಸುತ್ತಿನೊಳಗೆ ಒಣಗಿದ ಮೀನಿನ ಹುರುಪೆಗಳು ಬೆಣೆ ಹೊಡೆದಂತೆ ಕೂತಿದ್ದವು. ಬಲೆ ರಿಪೇರಿ ಮಾಡುವಾಗ ಕತ್ತರಿಸಿ ಬಿಸಾಡಿದ ತುಂಡು ಅದು. ಪಂಪು ಕೆಟ್ಟಿರಲಿಲ್ಲ, ಸ್ವಿಚ್ಚಿನೊಳಗೂ ಏನೂ ಕೆಟ್ಟಿರಲಿಲ್ಲ.

ಮೊದಲು ನಿಮ್ಮ ಬೋಟಿನಲ್ಲಿರುವುದು ಯಾವ ಬಗೆಯ ಸ್ವಿಚ್ಚು ಎಂದು ಗುರುತಿಸಿಕೊಳ್ಳಬೇಕು. ನಮ್ಮಲ್ಲಿ ಹೆಚ್ಚಾಗಿ ಇರುವುದು ಕೀಲಿನ ಮೇಲೆ ಏಳುವ, ಬೀಳುವ ಫ್ಲೋಟ್ ಸ್ವಿಚ್ಚು. ನೀರು ಏರಿದಾಗ ಅದರ ತೋಳು ಎದ್ದು, ಒಳಗಿನ ಉಕ್ಕಿನ ಗುಂಡೋ ಪಾದರಸವೋ ಉರುಳಿ ಸಂಪರ್ಕ ಕೂಡಿಸುತ್ತದೆ. ಕೆಲವುಗಳಲ್ಲಿ ಫ್ಲೋಟ್ ಒಂದು ಕಡ್ಡಿಯ ಮೇಲೆ ನೇರವಾಗಿ ಮೇಲೆ ಕೆಳಗೆ ಜಾರುತ್ತದೆ, ಅದರೊಳಗಿನ ಅಯಸ್ಕಾಂತ ಕಡ್ಡಿಯೊಳಗಿನ ಸಂಪರ್ಕವನ್ನು ಎಳೆಯುತ್ತದೆ. ಚಲಿಸುವ ಭಾಗವೇ ಇಲ್ಲದೆ ನೀರನ್ನು ಸೆನ್ಸರಿನಿಂದ ಗುರುತಿಸುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳೂ, ಆಗಾಗ ಒಂದೆರಡು ಕ್ಷಣ ತಾನೇ ತಿರುಗಿ ನೀರಿದೆಯೇ ಎಂದು ನೋಡಿಕೊಳ್ಳುವ ಪಂಪುಗಳೂ ಇವೆ. ಈ ಕೊನೆಯ ಬಗೆಯದು ನೀರಿಲ್ಲದಾಗಲೂ ಸ್ವಲ್ಪ ಸ್ವಲ್ಪ ಬ್ಯಾಟರಿ ತಿನ್ನುತ್ತದೆ. ಎರಡು ತಿಂಗಳು ಚಾರ್ಜ್ ಇಲ್ಲದೆ ನಿಲ್ಲುವ ಬೋಟಿಗೆ ಅದು ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕರೆಂಟು ಬರುವ ದಾರಿ

ಸ್ವಿಚ್ಚನ್ನು ಮುಟ್ಟುವ ಮೊದಲು ಅದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದನ್ನು ಬೆರಳಿಟ್ಟು ಹಿಂಬಾಲಿಸಿ. ಸರಿಯಾದ ದಾರಿ ಹೀಗಿರಬೇಕು: ಬ್ಯಾಟರಿಯ ಪಾಸಿಟಿವ್ ತುದಿಯಿಂದ ಫ್ಯೂಸು, ಅಲ್ಲಿಂದ ಫ್ಲೋಟ್ ಸ್ವಿಚ್ಚು, ಅಲ್ಲಿಂದ ಪಂಪು, ಪಂಪಿನಿಂದ ನೆಗೆಟಿವ್. ವೀಲ್‌ಹೌಸಿನಲ್ಲಿ (ಚುಕ್ಕಾಣಿಯ ಕೋಣೆಯಲ್ಲಿ) ‘ಆಟೊ–ಆಫ್–ಮ್ಯಾನುಯಲ್’ ಎಂಬ ಮೂರು ಸ್ಥಾನದ ಸ್ವಿಚ್ಚಿದ್ದರೆ ಮ್ಯಾನುಯಲ್ ಸ್ಥಾನವು ಫ್ಲೋಟನ್ನು ಬಿಟ್ಟು ನೇರವಾಗಿ ಪಂಪಿಗೆ ಕರೆಂಟು ಕೊಡಬೇಕು. ಇದರಲ್ಲಿ ಮುಖ್ಯವಾದ ಸಂಗತಿ ಏನೆಂದರೆ, ಆಟೊ ದಾರಿಯು ಬ್ಯಾಟರಿಯ ಮೇನ್ ಸ್ವಿಚ್ಚನ್ನು ಹಾದು ಬರಬಾರದು. ದಕ್ಕೆಗೆ ಕಟ್ಟಿ ಹೋಗುವಾಗ ಎಲ್ಲರೂ ಮೇನ್ ಸ್ವಿಚ್ಚನ್ನು ಆಫ್ ಮಾಡಿಯೇ ಹೋಗುತ್ತಾರೆ, ಹಾಗೆ ಮಾಡುವುದು ಸರಿಯೂ ಹೌದು. ಆದರೆ ಬಿಲ್ಜ್ ಪಂಪು ಆ ಮೇನ್ ಸ್ವಿಚ್ಚಿನ ನಂತರ ಜೋಡಣೆಯಾಗಿದ್ದರೆ ಅದೇ ಕ್ಷಣದಲ್ಲಿ ಅದೂ ಸತ್ತಿರುತ್ತದೆ. ಮೇನ್ ಸ್ವಿಚ್ಚು ಆಫ್ ಮಾಡಿ, ತಳಕ್ಕಿಳಿದು ಫ್ಲೋಟನ್ನು ಎತ್ತಿ ನೋಡಿ. ಪಂಪು ಓಡದಿದ್ದರೆ ಬೇರೆಲ್ಲ ಕೆಲಸಕ್ಕಿಂತ ಮೊದಲು ಆ ವೈರನ್ನು ಬದಲಾಯಿಸಿ.

ಫ್ಯೂಸಿನ ಅಳತೆಯನ್ನು ಪಂಪಿನ ಲೇಬಲ್ಲಿನಲ್ಲಿ ಬರೆದಿರುತ್ತದೆ, ಅಷ್ಟೇ ಹಾಕಬೇಕು. ಪಂಪಿನ ರೆಕ್ಕೆಗೆ ಕಸ ಸಿಕ್ಕಿ ಮೋಟಾರು ತಿರುಗದೆ ನಿಂತಾಗ ಅದು ಎಂದಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ದೊಡ್ಡ ಫ್ಯೂಸು ಹಾಕಿದ್ದರೆ, ಅಥವಾ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ್ದರೆ, ಆ ಕರೆಂಟು ಸ್ವಿಚ್ಚಿನ ಒಳಗಿನ ಸಂಪರ್ಕಗಳನ್ನು ಸುಟ್ಟು ಒಂದಕ್ಕೊಂದು ಬೆಸೆದುಬಿಡುತ್ತದೆ. ವೈರು ಕಾದು ಬೆಂಕಿಯೂ ಹೊತ್ತಿಕೊಳ್ಳಬಹುದು. ಹಾಗೆಯೇ ಸ್ವಿಚ್ಚಿನ ಮೇಲೆ ನಮೂದಿಸಿದ ಆಂಪಿಯರ್ ಮಿತಿ ಪಂಪು ಎಳೆಯುವುದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಪಂಪು ದೊಡ್ಡದಿದ್ದು ಸ್ವಿಚ್ಚು ಸಣ್ಣದಿದ್ದರೆ ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ಚು) ಹಾಕಿಸಿ.

ಮೊದಲು ಕೆಡುವುದು ಜೋಡಣೆ

ನನ್ನ ಕೈಗೆ ‘ಸ್ವಿಚ್ಚು ಕೆಟ್ಟಿದೆ’ ಎಂದು ಬರುವವುಗಳಲ್ಲಿ ಬಹಳಷ್ಟು ಸ್ವಿಚ್ಚುಗಳು ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಸ್ವಿಚ್ಚಿನ ವೈರನ್ನು ಬೋಟಿನ ವೈರಿಗೆ ಸೇರಿಸಿದ ಜಾಗ. ಮನೆಯ ವೈರಿಂಗಿಗೆ ಬಳಸುವ ಕಪ್ಪು ಟೇಪು ಸುತ್ತಿದ ಅಂಥ ಒಂದು ಗಂಟನ್ನು ಬ್ಲೇಡಿನಿಂದ ಸೀಳಿ ನೋಡಿ: ಟೇಪಿನ ಅಂಟು ಕರಗಿ ಜಿಡ್ಡಾಗಿರುತ್ತದೆ, ಅದರಡಿಯಲ್ಲಿ ಹಸಿರು ಕಿಲುಬು ಹಿಟ್ಟಿನಂತೆ ಉದುರುತ್ತದೆ, ತಾಮ್ರದ ಎಳೆಗಳನ್ನು ಬೆರಳಿನಲ್ಲಿ ಹಿಡಿದರೆ ಒಣ ಹುಲ್ಲಿನಂತೆ ಮುರಿಯುತ್ತವೆ. ಪಾಸಿಟಿವ್ ವೈರಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಕಾರಣ ಸರಳ. ಬ್ಯಾಟರಿಯಿಂದ ಸ್ವಿಚ್ಚಿನವರೆಗಿನ ವೈರಿನಲ್ಲಿ ಪಂಪು ಓಡದಿದ್ದಾಗಲೂ, ದಿನದ 24 ಗಂಟೆಯೂ ವೋಲ್ಟೇಜು ಇದ್ದೇ ಇರುತ್ತದೆ. ಆ ಜೋಡಣೆ ಉಪ್ಪುನೀರಿನಲ್ಲಿ ಮುಳುಗಿದರೆ ಕರೆಂಟು ನೀರಿನ ಮೂಲಕ ಸೋರಿ, ಕರೆಂಟಿನಿಂದ ಲೋಹದ ಲೇಪ ಹಾಕುವ ತೊಟ್ಟಿಯಲ್ಲಿ ನಡೆಯುವ ಕ್ರಿಯೆಯಂತೆಯೇ, ಪಾಸಿಟಿವ್ ತುದಿಯ ಲೋಹವನ್ನು ಕರಗಿಸುತ್ತ ಹೋಗುತ್ತದೆ. ಹೀಗೆ ಸೋರಿದ ಕರೆಂಟು ತಳದ ಹಿತ್ತಾಳೆ ಅಥವಾ ಕಂಚಿನ ವಾಲ್ವುಗಳನ್ನೂ ತಿನ್ನಬಲ್ಲದು.

ಆದ್ದರಿಂದ ಜೋಡಣೆಯನ್ನು ತಳದಲ್ಲಿ ಬಿಡದೆ, ನೀರು ಎಂದೂ ಮುಟ್ಟದಷ್ಟು ಎತ್ತರಕ್ಕೆ ಎಳೆದು ಮಾಡಬೇಕು. ಹಳೆಯ ವೈರನ್ನು ಕತ್ತರಿಸಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತ ಹೋಗಿ. ಉಪ್ಪುನೀರು ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಗೇಣುದ್ದ ಏರಿರುತ್ತದೆ. ತವರ ಲೇಪಿಸಿದ ತಾಮ್ರದ ವೈರನ್ನೇ ಬಳಸಿ. ಎಳೆಗಳನ್ನು ಕೈಯಿಂದ ಹೊಸೆದು ಬಿಡುವ ಬದಲು ಕ್ರಿಂಪಿಂಗ್ ಸಾಧನದಿಂದ ಒತ್ತಿ, ಒಳಗೆ ಅಂಟು ಇರುವ, ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆಯನ್ನು ಹಾಕಿ, ಎರಡೂ ತುದಿಗಳಿಂದ ಅಂಟು ಸ್ವಲ್ಪ ಹೊರಬರುವವರೆಗೆ ಕಾಯಿಸಿ. ಹೀಟ್ ಗನ್ ಹಿಡಿಯುವ ಮೊದಲು ಪೆಟ್ರೋಲ್ ವಾಸನೆ ಇಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು. ಜೋಡಣೆಯ ಹತ್ತಿರ ವೈರು ಕೆಳಕ್ಕೆ ಬಾಗಿ ಮತ್ತೆ ಮೇಲಕ್ಕೆ ಬರುವಂತೆ ಕಟ್ಟಿದರೆ ವೈರಿನ ಮೇಲಿಂದ ಹರಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಜೋಡಣೆಯನ್ನು ತಲುಪುವುದಿಲ್ಲ.

ವೈರಿನ ದಪ್ಪದಲ್ಲಿ ಉಳಿತಾಯ ಮಾಡುವುದು ಸಲ್ಲದು. ಬ್ಯಾಟರಿಯಿಂದ ಪಂಪಿಗೆ 5 ಮೀಟರ್ ದೂರವಿದ್ದರೆ ಹೋಗಿ ಬರುವ ವೈರು 10 ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 5 ಆಂಪಿಯರಿಗೆ ಸುಮಾರು 0.37 ವೋಲ್ಟ್ ನಷ್ಟವಾಗುತ್ತದೆ. 12 ವೋಲ್ಟಿನಲ್ಲಿ ಅದು ಶೇಕಡಾ 3ರಷ್ಟು, ಒಪ್ಪಬಹುದಾದ ಪ್ರಮಾಣ. 1 ಚದರ ಮಿಲಿಮೀಟರಿನ ವೈರು ಹಾಕಿದರೆ ನಷ್ಟ 0.9 ವೋಲ್ಟ್ ಆಗುತ್ತದೆ, ಪಂಪು ಎತ್ತುವ ನೀರು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ.

ಶುಚಿ ಮಾಡುವುದು

ಮೀನುಗಾರಿಕೆಯ ದಿನಗಳಲ್ಲಿ ಪ್ರತಿ ಸಲ ಕಡಲಿಗೆ ಹೊರಡುವ ಮೊದಲು ಒಮ್ಮೆ ನೋಡುವುದು, ತಿಂಗಳಿಗೊಮ್ಮೆ ಚೆನ್ನಾಗಿ ಶುಚಿ ಮಾಡುವುದು ನಾನು ಹೇಳುವ ಕ್ರಮ. ಕೈ ಹಾಕುವ ಮೊದಲು ಫ್ಯೂಸನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಬೇರೆಯವರು ಅರಿಯದೆ ಹಾಕಿಬಿಡುವ ಸಂಭವ ಇರುವುದಿಲ್ಲ. ಪಂಪಿನ ಜಾಲರಿಯನ್ನೂ ಫ್ಲೋಟಿನ ಸುತ್ತಲಿನ ಮುಚ್ಚಳವನ್ನೂ ಬಿಡಿಸಿ. ಹಳೆಯ ಹಲ್ಲುಜ್ಜುವ ಬ್ರಷ್ಷು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದನ್ನು ಅದ್ದಿ ಕೀಲಿನ ಎರಡೂ ಪಕ್ಕ, ಫ್ಲೋಟಿನ ಅಡಿ, ಬುಡದ ಮೂಲೆಗಳನ್ನು ಉಜ್ಜಿ ಸಿಹಿನೀರಿನಿಂದ ತೊಳೆಯಿರಿ. ದಾರ, ಹುರುಪೆ, ಮರದ ಚಕ್ಕೆ, ಪ್ಲಾಸ್ಟಿಕ್ ಚೂರು ಕೈಗೆ ಸಿಕ್ಕಿದಷ್ಟನ್ನೂ ಬಕೆಟ್ಟಿಗೆ ಹಾಕಿ. ತಳದಲ್ಲಿ ಪಕ್ಕಕ್ಕೆ ಸರಿಸಿಟ್ಟರೆ ಬೋಟು ಒಮ್ಮೆ ಹೊರಳಾಡಿದರೆ ಸಾಕು, ಮತ್ತೆ ಅಲ್ಲಿಗೇ ಬಂದು ಸೇರುತ್ತದೆ. ಪೆಟ್ರೋಲ್, ಥಿನ್ನರ್, ಅಸಿಟೋನ್ ಮುಟ್ಟಿಸಲೇಬಾರದು. ಅವು ಪ್ಲಾಸ್ಟಿಕ್ಕನ್ನೂ ವೈರಿನ ಹೊದಿಕೆಯನ್ನೂ ಹಾಳುಮಾಡುತ್ತವೆ, ಮುಚ್ಚಿದ ತಳದಲ್ಲಿ ಅವುಗಳ ಆವಿ ಕಿಡಿಗೆ ಕಾಯುತ್ತಿರುತ್ತದೆ.

ಶುಚಿಯಾದ ಫ್ಲೋಟನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಅದು ತನ್ನ ಭಾರದಿಂದಲೇ, ಎಲ್ಲಿಯೂ ತಡೆಯದೆ, ಪೂರ್ತಿ ಕೆಳಗೆ ಬೀಳಬೇಕು. ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ಅದು ಸೀಳಿದೆ ಎಂದರ್ಥ. ಅಂಥದನ್ನು ಅಂಟು ಹಾಕಿ ಉಳಿಸಿಕೊಳ್ಳುವುದು ಬೇಡ. ಎಲೆಕ್ಟ್ರಾನಿಕ್ ಸೆನ್ಸರಿನ ಮುಖದ ಮೇಲೆ ಎಣ್ಣೆಯ ಪದರ ಕಟ್ಟಿಕೊಂಡರೆ ಅದು ನೀರನ್ನು ತಪ್ಪಾಗಿ ಓದುತ್ತದೆ, ಆದ್ದರಿಂದ ಅದಕ್ಕೆ ಈ ಸೋಪಿನ ಸ್ನಾನ ಫ್ಲೋಟಿಗಿಂತಲೂ ಹೆಚ್ಚು ಅಗತ್ಯ.

ಸ್ವಿಚ್ಚು ಕೂತಿರುವ ಜಾಗವನ್ನೂ ಇದೇ ವೇಳೆಯಲ್ಲಿ ಪರಿಶೀಲಿಸಿ. ಸ್ವಿಚ್ಚಿನ ಬುಡ ಪಂಪಿನ ಬುಡದ ಮಟ್ಟದಲ್ಲಿರಬೇಕು, ಅಥವಾ ಅದಕ್ಕಿಂತ ತುಸು ಮೇಲಿರಬೇಕು. ಅದು ಕೆಳಗಿದ್ದರೆ ಪಂಪಿಗೆ ನೀರು ಸಿಗದೆ ಗಾಳಿ ಎಳೆಯಲು ಶುರುವಾದ ಮೇಲೂ ಫ್ಲೋಟ್ ತೇಲುತ್ತಲೇ ಇರುತ್ತದೆ, ಪಂಪು ನಿಲ್ಲುವುದೇ ಇಲ್ಲ. ಫ್ಲೋಟಿನ ತೋಳು ಬೋಟಿನ ಉದ್ದಕ್ಕೆ ಸಮಾನಾಂತರವಾಗಿದ್ದರೆ ಬೋಟು ಅಡ್ಡಡ್ಡ ಹೊಯ್ದಾಡುವಾಗ ಅದು ಸುಮ್ಮಸುಮ್ಮನೆ ಏಳುವುದು ಕಡಿಮೆ. ಹಿಡಿದಿಡುವ ಸ್ಕ್ರೂಗಳನ್ನು ನೇರವಾಗಿ ಫೈಬರ್ ತಳಕ್ಕೆ ಕೊರೆಯದೆ, ತಳಕ್ಕೆ ಅಂಟಿಸಿದ ಒಂದು ಸಣ್ಣ ಹಲಗೆಗೆ ಹಾಕಬೇಕು.

ನೀರು ಹೊಯ್ದು ನೋಡುವುದು

ಕೈಯಿಂದ ಫ್ಲೋಟ್ ಎತ್ತಿದಾಗ ಪಂಪಿನ ಸದ್ದು ಕೇಳಿಸಿತು ಎಂದು ಪರೀಕ್ಷೆ ಮುಗಿಸುವವರೇ ಹೆಚ್ಚು. ಅದು ಅರ್ಧ ಪರೀಕ್ಷೆ. ವೈರು ಸರಿಯಿದೆ ಎಂದು ಅದರಿಂದ ತಿಳಿಯುತ್ತದೆ. ನೀರು ತಾನಾಗಿ ಏರಿದಾಗ ಫ್ಲೋಟ್ ಏಳುತ್ತದೆಯೇ, ನೀರು ಹೊರಗೆ ಬೀಳುತ್ತದೆಯೇ, ಕೊನೆಗೆ ಪಂಪು ನಿಲ್ಲುತ್ತದೆಯೇ ಎಂಬ ಮೂರೂ ತಿಳಿಯುವುದಿಲ್ಲ. ಫ್ಯೂಸನ್ನು ಮತ್ತೆ ಹಾಕಿ, ಒಬ್ಬರು ದಕ್ಕೆಯ ಕಡೆಯಿಂದ ನೀರು ಹೊರಬೀಳುವ ತೂತನ್ನು ನೋಡುತ್ತ ನಿಲ್ಲಲಿ, ಇನ್ನೊಬ್ಬರು ತಳಕ್ಕೆ ಬಕೆಟ್ಟಿನಿಂದ ಶುದ್ಧ ನೀರನ್ನು ನಿಧಾನವಾಗಿ ಹೊಯ್ಯಲಿ. ಪಂಪು ಶುರುವಾದ ಮಟ್ಟಕ್ಕೆ ತಳದ ಪಕ್ಕದಲ್ಲಿ ಬಣ್ಣದಿಂದ ಒಂದು ಗೆರೆ ಎಳೆಯಿರಿ, ನಿಂತ ಮಟ್ಟಕ್ಕೆ ಇನ್ನೊಂದು. ಮುಂದಿನ ಸಲ ನೀರು ಮೇಲಿನ ಗೆರೆಯನ್ನು ದಾಟಿಯೂ ಪಂಪು ಸುಮ್ಮನಿದ್ದರೆ ಕೀಲು ಬಿಗಿಯುತ್ತಿದೆ ಎಂದು ಮೀಟರಿಲ್ಲದೆಯೇ ಗೊತ್ತಾಗುತ್ತದೆ.

ಪಂಪು ಓಡದಿದ್ದಾಗ ಮಲ್ಟಿಮೀಟರ್ ತೆಗೆಯಿರಿ. ಫ್ಯೂಸು ತೆಗೆದು ಸ್ವಿಚ್ಚಿನ ಎರಡು ವೈರುಗಳನ್ನು ಬಿಡಿಸಿ ಓಮ್ ಅಳತೆಗೆ ಇಟ್ಟರೆ, ಫ್ಲೋಟ್ ಕೆಳಗಿದ್ದಾಗ ಸಂಪರ್ಕವೇ ಇರಬಾರದು, ಎತ್ತಿದಾಗ ಓಮ್ ಸೊನ್ನೆಗೆ ಹತ್ತಿರ ಬರಬೇಕು. ಇದು ಸರಿ ಬಂದರೂ ನಂಬಿ ಬಿಡಬೇಡಿ, ಏಕೆಂದರೆ ಮೀಟರು ಹರಿಸುವ ಕರೆಂಟು ತೀರ ಕಡಿಮೆ. ಸುಟ್ಟ ಸಂಪರ್ಕವೂ ಅದಕ್ಕೆ ದಾರಿ ಬಿಡಬಹುದು. ಸ್ವಿಚ್ಚನ್ನು ಮತ್ತೆ ಜೋಡಿಸಿ, ನೀರಿನಲ್ಲಿ ಪಂಪು ಓಡುತ್ತಿರುವಾಗಲೇ ಸ್ವಿಚ್ಚಿನ ಎರಡು ತುದಿಗಳ ನಡುವೆ ವೋಲ್ಟೇಜು ಅಳೆಯಿರಿ. ಒಳ್ಳೆಯ ಸ್ವಿಚ್ಚಿನಲ್ಲಿ ಅದು 0.1 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಅರ್ಧ ವೋಲ್ಟಿಗೆ ಬಂದಿದ್ದರೆ ಒಳಗಿನ ಸಂಪರ್ಕ ಸುಡುತ್ತಿದೆ. ಇಂದು ಓಡುತ್ತಿದ್ದರೂ ಅದನ್ನು ಬದಲಾಯಿಸುವ ಕಾಲ ಬಂದಿದೆ.

ಇನ್ನೊಂದು ತೊಂದರೆಯನ್ನು ಬಹಳ ಜನ ಸ್ವಿಚ್ಚಿನ ತಲೆಗೆ ಕಟ್ಟುತ್ತಾರೆ. ಪಂಪು ನಿಂತು ಅರೆ ನಿಮಿಷದಲ್ಲಿ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ, ಹೀಗೇ ದಿನವಿಡೀ. ಪಂಪು ನಿಂತ ಕೂಡಲೇ ಪೈಪಿನಲ್ಲಿ ಉಳಿದ ನೀರು ತಳಕ್ಕೆ ವಾಪಸು ಬಂದು ಫ್ಲೋಟನ್ನು ಎತ್ತುವುದೇ ಇದಕ್ಕೆ ಕಾರಣ. ಪೈಪಿನಲ್ಲಿ ನಾನ್-ರಿಟರ್ನ್ ವಾಲ್ವು (ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವು) ಹಾಕಿ ಇದನ್ನು ನಿಲ್ಲಿಸುವ ರೂಢಿಯಿದೆ, ಆದರೆ ನಾನು ಅದನ್ನು ಮಾಡುವುದಿಲ್ಲ. ಆ ವಾಲ್ವಿಗೆ ಕಸ ಸಿಕ್ಕಿದರೆ ನೀರು ಹೊರಗೇ ಹೋಗದು, ಕೆಲವೊಮ್ಮೆ ಪಂಪಿನ ಬಾಯಲ್ಲಿ ಗಾಳಿ ಸಿಲುಕಿ ಮೋಟಾರು ತಿರುಗಿದರೂ ನೀರು ಏಳದು. ಪೈಪಿನ ಉದ್ದವನ್ನು ಕಡಿಮೆ ಮಾಡಿ, ಒಳಮೈ ನುಣುಪಾಗಿರುವ ಪೈಪು ಹಾಕಿ, ಪಂಪಿನಿಂದ ಹೊರಬಾಯಿಯವರೆಗೆ ಅದು ಎಲ್ಲಿಯೂ ಜೋತುಬೀಳದೆ ಏರುತ್ತಲೇ ಹೋಗುವಂತೆ ಕಟ್ಟುವುದು ಒಳ್ಳೆಯದು. ಸ್ವಿಚ್ಚು ಶುರುವಾಗುವ ಮತ್ತು ನಿಲ್ಲುವ ಮಟ್ಟಗಳ ಅಂತರ ಹೆಚ್ಚಿರುವ ಬಗೆಯನ್ನು ಆರಿಸಿಕೊಳ್ಳುವುದೂ ಒಂದು ಪರಿಹಾರ.

ಪಂಪನ್ನು ಓಡಿಸುವ ಫ್ಲೋಟ್ ಸ್ವಿಚ್ಚಿಗಿಂತ ಒಂದು ಗೇಣು ಮೇಲೆ ಎರಡನೆಯ ಫ್ಲೋಟ್ ಕೂರಿಸಿ, ಬೇರೆಯದೇ ಫ್ಯೂಸಿನಿಂದ ಅದಕ್ಕೊಂದು ಗಟ್ಟಿಯಾದ ಬಜರ್ ಜೋಡಿಸಿ. ಮೊದಲನೆಯದು ಕೆಟ್ಟ ದಿನ ಪಕ್ಕದ ಬೋಟಿನವರಿಗಾದರೂ ಅದು ಕೇಳಿಸುತ್ತದೆ.

ಎಂಜಿನ್ ಕೋಣೆಯ ತಳದಲ್ಲಿ ಡೀಸೆಲ್ಲೋ ಆಯಿಲ್ಲೋ ಸೇರಿದ್ದರೆ ಆಟೊಮ್ಯಾಟಿಕ್ ಸ್ವಿಚ್ಚು ಅದನ್ನೂ ಯಾರನ್ನೂ ಕೇಳದೆ ಬಂದರಿನ ನೀರಿಗೆ ಸುರಿಯುತ್ತದೆ. ದೊಡ್ಡ ಹಡಗುಗಳು ಹೊರಬಿಡುವ ಬಿಲ್ಜ್ ನೀರಿನಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಭಾಗವನ್ನು ಮೀರಬಾರದು ಎಂಬ ಅಂತರರಾಷ್ಟ್ರೀಯ ನಿಯಮವಿದೆ. ನಮ್ಮ ಬೋಟುಗಳು ಚಿಕ್ಕವಿರಬಹುದು, ಆದರೆ ಅಳಿವೆಯ ನೀರು ನಮ್ಮದೇ. ಸೋರಿಕೆಯನ್ನು ಮೊದಲು ನಿಲ್ಲಿಸಿ, ಎಂಜಿನ್ನಿನ ಅಡಿಗೆ ತಟ್ಟೆ ಇಡಿ, ತಳದಲ್ಲಿ ಎಣ್ಣೆ ಹೀರುವ ಹಾಳೆಯನ್ನು ತೇಲಿಹೋಗಿ ಪಂಪಿಗೆ ಸಿಕ್ಕದಂತೆ ದಾರದಿಂದ ಕಟ್ಟಿ ಇಡಿ.

ಮಳೆಗಾಲದ ರಜೆಗೆ ಬೋಟು ಕಟ್ಟುವ ದಿನ ಮಾತ್ರ ಸ್ವಲ್ಪ ಹೆಚ್ಚು ಸಮಯ ಕೊಡಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೆ ಮೀಟರು 12.6 ವೋಲ್ಟಿನಷ್ಟು ತೋರಿಸಬೇಕು. 12 ವೋಲ್ಟಿಗೆ ಇಳಿದಿದ್ದರೆ ಅದರಲ್ಲಿ ಉಳಿದಿರುವುದು ಅತಿ ಸ್ವಲ್ಪ. ಮೋಡದ ದಿನಗಳಲ್ಲಿ ಸೋಲಾರ್ ಪ್ಯಾನೆಲ್ ಕೊಡುವುದು ಕಡಿಮೆಯಾದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳದೆ, ಎರಡು ಮೂರು ದಿನಕ್ಕೊಮ್ಮೆ ಬಂದು ತಳವನ್ನೂ ವೋಲ್ಟೇಜನ್ನೂ ನೋಡುವವರನ್ನು ಗೊತ್ತುಮಾಡಿ. ಬಲೆಯ ಕೆಲಸ ಬೋಟಿನ ಮೇಲೆಯೇ ನಡೆಯುವುದಾದರೆ ತಳದ ಮುಚ್ಚಳಗಳನ್ನು ಹಾಕಿಯೇ ನಡೆಯಲಿ, ದಾರದ ತುಂಡುಗಳಿಗೆ ಒಂದು ಡಬ್ಬ ಇರಲಿ.

ಸ್ವಿಚ್ಚನ್ನು ಬದಲಾಯಿಸಿದ ತಿಂಗಳು ಮತ್ತು ವರ್ಷವನ್ನು ಅಳಿಸದ ಶಾಯಿಯಲ್ಲಿ ಅದರ ಪಕ್ಕದ ಹಲಗೆಯ ಮೇಲೆ ಬರೆಯಿರಿ. ಮೂರು ಮಳೆಗಾಲ ಕಂಡ ಫ್ಲೋಟ್ ಸ್ವಿಚ್ಚನ್ನು ಕೆಡುವವರೆಗೆ ಕಾಯದೆ ನಾನು ತೆಗೆದುಬಿಡುತ್ತೇನೆ. ಎಂಜಿನ್ನಿನೊಳಗೆ ಉಪ್ಪುನೀರು ಹೊಕ್ಕರೆ ಆಗುವ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ. ತೆಗೆದದ್ದು ಪಾದರಸದ ಹಳೆಯ ಬಗೆಯದಾದರೆ ಒಡೆದು ನೋಡಬಾರದು, ನೀರಿಗೆ ಎಸೆಯಬಾರದು. ಗಟ್ಟಿ ಮುಚ್ಚಳದ ಡಬ್ಬದಲ್ಲಿಟ್ಟು ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು. ಹೊಸದನ್ನು ಹಾಕಿದ ಮೇಲೆ ಫ್ಯೂಸು ಕೂರಿಸಿ, ಮೇನ್ ಸ್ವಿಚ್ಚು ಆಫ್ ಮಾಡಿ, ತಳಕ್ಕೆ ಎರಡು ಬಕೆಟ್ ನೀರು ಹೊಯ್ಯಿರಿ. ಹೊರಬಾಯಿಯಿಂದ ನೀರು ಬಿದ್ದು, ಪಂಪಿನ ಸದ್ದು ನಿಂತು, ಫ್ಲೋಟ್ ಕೆಳಗೆ ಕೂತಿದ್ದನ್ನು ಟಾರ್ಚಿನ ಬೆಳಕಿನಲ್ಲಿ ನೋಡಿಕೊಂಡ ನಂತರವೇ ಮುಚ್ಚಳ ಹಾಕಿ.